ಬೆಂಚಿಗೆ ಎಷ್ಟು ಜನ

ದೋಣಿಯ ಮೋಟಾರನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ ರಸ್ ಪೆರೋ ತಲೆ ಎತ್ತದೆಯೇ ಹೇಳಿದ: “ನಾಲ್ಕು. ಬೆಂಚಿಗೆ ನಾಲ್ಕೇ ಜನ. ಐದನೆಯವನನ್ನ ಸೇರಿಸಿದ್ರೆ ನನ್ನ ಹೆಸರು ತೆಗೆದುಬಿಡು.”

“ನೋಡೋಣ,” ಎಂದ ನೀಲ್ ಲಾಹ್ತಿ. ಹಿಂದಿನ ಸಂಜೆಯಷ್ಟೇ ಅವನ ತಂಗಿ ಐಲಾ ಫೋನು ಮಾಡಿ, ಬೆಂಚಿಗೆ ಎಂಟು ಜನರಿಗಿಂತ ಕಡಿಮೆಯಾದರೆ ತಾನಿಲ್ಲ ಎಂದಿದ್ದಳು. ಐಲಾ ಮತ್ತು ರಸ್ ಈ ವಸಂತದವರೆಗೂ ಗಂಡಹೆಂಡತಿ.

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ ನೀಲ್‌ನದು ಸಣ್ಣ ಎಂಜಿನ್ನುಗಳ ರಿಪೇರಿ ಅಂಗಡಿ. ಬೇಸಿಗೆಯಲ್ಲಿ ದೋಣಿಯ ಮೋಟಾರು, ಹುಲ್ಲು ಕತ್ತರಿಸುವ ಯಂತ್ರ; ಎಲೆ ಹಣ್ಣಾಗತೊಡಗಿದರೆ ಮರ ಕೊಯ್ಯುವ ಗರಗಸ, ಹಿಮ ತಳ್ಳುವ ಯಂತ್ರ. ರಸ್ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆಯೇ ಐಲಾಳ ಕಣ್ಣಿಗೆ ಬಿದ್ದದ್ದು. ಈಗ ಮದುವೆ ಮುರಿದಿತ್ತು, ಕೆಲಸ ಮಾತ್ರ ಹಾಗೇ ನಡೆದಿತ್ತು. ರಸ್ ಲಾಂಡ್ರಿಯ ಮೇಲಿನ ಎರಡು ಕೋಣೆಗಳಿಗೆ ಹೋಗಿ ಸೇರಿಕೊಂಡಿದ್ದ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದ. ಯಾರದು ತಪ್ಪು ಅಂತ ನೀಲ್ ಕೇಳಲಿಲ್ಲ. ಕೇಳಿದ್ದರೂ ಇಬ್ಬರೂ ಹೇಳುತ್ತಿದ್ದರೋ ಇಲ್ಲವೋ. ಕುಡಿತವಿರಲಿಲ್ಲ, ಇನ್ನೊಬ್ಬಳಿರಲಿಲ್ಲ. ಬರಬರುತ್ತಾ ಇಬ್ಬರಿಗೂ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕಿದರೆ ಸಿಡುಕು ಬರತೊಡಗಿತ್ತು, ಅಷ್ಟೇ.

ಚಳಿ ಕಾಲಿಡುವ ಹೊತ್ತಿಗೆ ಆ ಕಡೆಯ ಜನ ಒಂದಲ್ಲ ಒಂದು ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ ಸೇರಿಕೊಂಡಿರುತ್ತಾರೆ. ಫುಟ್‌ಬಾಲ್ ಅಂದರೆ ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಆಟಗಾರರೆಲ್ಲ ಟೀವಿಯಲ್ಲಿ ಕಾಣುವ ದೊಡ್ಡ ತಂಡಗಳವರೇ. ಅವರನ್ನು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಂಡು ಪ್ರತಿಯೊಬ್ಬರೂ ತಮ್ಮದೇ ಒಂದು ತಂಡ ಕಟ್ಟಿಕೊಳ್ಳುವುದು. ಭಾನುವಾರ ಆ ಆಟಗಾರರು ಮೈದಾನದಲ್ಲಿ ಓಡಿದಷ್ಟು, ಚೆಂಡು ಹಿಡಿದಷ್ಟು, ಇವರಿಗೆ ಅಂಕ. ಕಟ್ಟಿಕೊಂಡವರಲ್ಲಿ ಕೆಲವರನ್ನಷ್ಟೇ ಆ ವಾರ ಆಡಿಸಬಹುದು. ಮಿಕ್ಕವರು ಬೆಂಚಿನಲ್ಲಿ ಕೂರುತ್ತಾರೆ, ಅವರ ಅಂಕ ಲೆಕ್ಕಕ್ಕಿಲ್ಲ. ಯಾರ ತಂಡಕ್ಕೂ ಸೇರದೆ ಉಳಿದವರನ್ನು ವಾರದ ನಡುವೆ ಒಳಗೆ ತಂದುಕೊಳ್ಳಬಹುದು, ಬೇಡವಾದವನನ್ನು ಹೊರಗೆ ಬಿಡಬಹುದು. ಹಾಗಾಗಿ ಬೆಂಚು ಉದ್ದವಾದರೆ ಹೊರಗೆ ಉಳಿಯುವುದೆಲ್ಲ ಜೊಳ್ಳು. ಬೆಂಚು ಗಿಡ್ಡವಾದರೆ ಹೊರಗೂ ಒಳ್ಳೆಯ ಕಾಳು ಸಿಗುತ್ತದೆ.

ನೀಲ್ ಊರಿನ ಅಂಥದೊಂದು ಲೀಗಿನ ಕಮಿಷನರ್, ಅಂದರೆ ನಿಯಮ ನೋಡಿಕೊಳ್ಳುವವನು. ಆ ಪದವಿ ಅವನಿಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಹತ್ತು ತಂಡ, ಬೆಂಚಿಗೆ ಏಳು ಜನ. ಎಷ್ಟೋ ವರ್ಷ ಹೀಗೇ ನಡೆದಿತ್ತು, ಏಳೇ ಯಾಕೆ ಅಂತ ಒಬ್ಬರೂ ಕೇಳಿರಲಿಲ್ಲ. ಹತ್ತರಲ್ಲಿ ಒಂದು ಐಲಾ ಮತ್ತು ರಸ್‌ನ ಜಂಟಿ ತಂಡ. ಭಾನುವಾರ ಯಾರನ್ನು ಆಡಿಸಬೇಕೆಂದು ತೀರ್ಮಾನಿಸುವವನು ಅವನು, ಬೆಂಚು ಅವಳದು. ಯಾರೂ ಹೆಸರು ಕೇಳಿರದ ಹುಡುಗರನ್ನು ಹುಡುಕಿ ತಂದು ಬೆಂಚಿನಲ್ಲಿ ಕೂರಿಸಿ ನವೆಂಬರಿನವರೆಗೂ ಕಾಯುವುದು ಅವಳ ಚಾಳಿ. ಎರಡು ವಾರ ಸಪ್ಪೆಯಾದವನನ್ನು ಕಿತ್ತು ಹಾಕುವುದು ಅವನ ಚಾಳಿ. ಈ ವಿಷಯಕ್ಕೆ ಅವರಿಬ್ಬರೂ ಕಿತ್ತಾಡುವುದನ್ನು ನೋಡುವುದಕ್ಕೆಂದೇ ಜನ ಅವರ ಮನೆಗೆ ಪಂದ್ಯ ನೋಡಲು ಹೋಗುತ್ತಿದ್ದರು.

ಈ ವರ್ಷ ಇಬ್ಬರೂ ಬೇರೆ ಬೇರೆಯಾಗಿ ಬಂದು, ನಾನು ಆಡುತ್ತೇನೆ ಎಂದರು. ಹತ್ತು ಹನ್ನೊಂದಾಯಿತು. ವಾರವಾರ ಎರಡೆರಡು ತಂಡ ಎದುರುಬದುರಾಗುವ ಆಟ; ಹನ್ನೊಂದು ತಂಡವಿದ್ದರೆ ಪ್ರತಿ ವಾರ ಒಬ್ಬರಿಗೆ ಎದುರಾಳಿಯಿಲ್ಲ. ನೀಲ್ ತನ್ನ ಹೆಂಡತಿ ಮಾರ್ನಿಯನ್ನು ಗೋಗರೆದು ಹನ್ನೆರಡನೆಯ ತಂಡ ಮಾಡಿದ. ಮಾರ್ನಿಗೆ ಫುಟ್‌ಬಾಲ್ ಎಂದರೆ ಟೀವಿ ಮುಂದೆ ಗಂಡ ನಿದ್ದೆ ಹೋಗುವ ಹೊತ್ತು. ಆದರೂ ಒಪ್ಪಿಕೊಂಡಳು. ಅಲ್ಲಿಗೆ ತೊಡಕು ಬಿಡಿಸಿದೆ ಎಂದುಕೊಂಡ ನೀಲ್. ತಂಡ ಹನ್ನೆರಡಾದ ಮೇಲೆ ಬೆಂಚಿಗೆ ಏಳು ಜನ ಸರಿಹೋಗುತ್ತದೋ ಇಲ್ಲವೋ ಎಂದು ಯಾರೋ ಕೇಳಿದರು. “ಎಷ್ಟಿರಲಿ, ಎಲ್ಲರೂ ಹೇಳಿ” ಎಂದು ಅವನು ಎಲ್ಲರ ಫೋನಿಗೂ ಕಳಿಸಿದ. ಅವನು ಮಾಡಿದ ತಪ್ಪು ಅದೇ.

ಐಲಾ ಎಂಟು ಅಂದಳು, ರಸ್ ನಾಲ್ಕು ಅಂದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ತಂಡ ಹೆಚ್ಚಾದಷ್ಟೂ ಒಳ್ಳೆಯವರು ಕಡಿಮೆ, ಮೊಳಕೆಯಲ್ಲೇ ಹಿಡಿದು ಸಾಕಿಕೊಳ್ಳಲು ಜಾಗ ಬೇಕು ಎಂದು ಅವಳ ವಾದ. ಎಲ್ಲರನ್ನೂ ಬೆಂಚಿನಲ್ಲಿ ಬಚ್ಚಿಟ್ಟುಕೊಂಡರೆ, ಒಬ್ಬನ ಕಾಲು ಮುರಿದ ದಿನ ಬದಲಿಗೆ ಯಾರನ್ನು ತರೋದು ಎಂದು ಅವನ ವಾದ. ಮಿಕ್ಕವರು ಎರಡು ಪಾಳೆಯವಾದರು. ಎರಡೇ ದಿನದಲ್ಲಿ ಮಾತು ಬೆಂಚಿನಿಂದ ಜಾರಿ ಬೇರೆಲ್ಲೋ ಹೋಯಿತು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಾರ್ಡಿ ಹೆಡ್‌ಬರ್ಗ್, “ಒಂದು ಸೋಫಾ ಹಂಚಿಕೊಳ್ಳಕ್ಕೆ ಆಗದವರು ನಮಗೆ ಬೆಂಚಿನ ಪಾಠ ಹೇಳ್ತಿದಾರೆ” ಎಂದು ಎಲ್ಲರಿಗೂ ಕಾಣುವಂತೆ ಬರೆದ. ತಮಾಷೆಗೇ ಬರೆದದ್ದು. ಆಮೇಲೆ ಒಂದಿಡೀ ದಿನ ಯಾರೂ ಏನೂ ಬರೆಯಲಿಲ್ಲ. ನೀಲ್ ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತಿದ್ದ.

ಆ ಸಂಜೆ ಐಲಾ ಒಂದು ಬಕೆಟ್ಟಿನ ತುಂಬ ಕಾಡಿನ ಬ್ಲೂಬೆರಿ ತಂದಳು. ಅಡುಗೆಮನೆಯ ಮೇಜಿನ ಮೇಲೆ ಸುರಿದುಕೊಂಡು ಅಣ್ಣತಂಗಿ ಇಬ್ಬರೂ ಎಲೆ, ಕಡ್ಡಿ ಆರಿಸುತ್ತ ಕೂತರು.

“ಅವನು ಏನಂದ?” ಎಂದಳು ಐಲಾ.

“ನಾಲ್ಕು ಅಂತಾನೇ ಹೇಳ್ತಿದಾನೆ.”

“ನನ್ನ ಬಗ್ಗೆ ಏನಾದ್ರೂ ಅಂದನಾ?”

“ಇಲ್ಲ. ಬೆಂಚಿನ ಬಗ್ಗೆ ಮಾತ್ರ.”

“ನೀನು ಏನಂದೆ?”

“ನೋಡೋಣ ಅಂದೆ.”

ಐಲಾ ಕೈಯಲ್ಲಿದ್ದ ಹಣ್ಣನ್ನು ಬಟ್ಟಲಿಗೆ ಹಾಕಿ ಅಣ್ಣನ ಮುಖ ನೋಡಿದಳು. “ನಂಗೂ ನೋಡೋಣ ಅಂದೆ, ಅವನಿಗೂ ನೋಡೋಣ ಅಂದೆ. ನೀನು ನಾಲ್ಕು ಮಾಡಿದ್ರೆ ಒಂದು ವಿಷಯ ಗೊತ್ತಾಗುತ್ತೆ ಬಿಡು ನಂಗೆ.”

“ಏನು ಗೊತ್ತಾಗುತ್ತೆ?”

“ನೀನು ಯಾರ ಅಣ್ಣ ಅಂತ.”

ಅವಳು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಮಾರ್ನಿ ಕೇಳಿದಳು: “ನೀನು ಕಮಿಷನರ್ ಅಲ್ವಾ? ಆ ಕೆಲಸ ಅಂದ್ರೆ ಏನು ಹೇಳು?”

“ಎಲ್ಲರನ್ನೂ ಕೇಳಿ…”

“ಕೇಳೋದಲ್ಲ ಕಣೋ, ಹೇಳೋದು. ನಿಮ್ಮಪ್ಪ ಅಮ್ಮ ಮಾತು ಬಿಟ್ಟಾಗಲೂ ನೀನು ಇದನ್ನೇ ಮಾಡ್ತಿದ್ದೆಯಂತೆ. ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಅಡುಗೆಮನೆಗೆ, ಅವರು ಹೇಳಿದ್ದು ಇವರಿಗೆ, ಇವರು ಹೇಳಿದ್ದು ಅವರಿಗೆ. ಐಲಾನೇ ನಂಗೆ ಹೇಳಿದ್ದು.”

ನೀಲ್‌ಗೆ ಅದು ನಿಜವೆನಿಸಿತು. ನಿಜವಾದರೂ, ಏನು ಮಾಡಬೇಕೆಂದು ಮಾತ್ರ ತೋಚಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಅವನು ಒಂದು ಹೊಸ ಉಪಾಯ ತೆಗೆದ. ಬೆಂಚಿನ ಅಳತೆಯನ್ನು ಆಯಾ ತಂಡದವರಿಗೇ ಬಿಟ್ಟರೆ ಹೇಗೆ? ಬೇಕಾದವರು ಎಂಟು, ಬೇಡವಾದವರು ನಾಲ್ಕು. ಗರಗಸಕ್ಕೆ ಸಾಣೆ ಹಿಡಿಸಲು ಬಂದಿದ್ದ ಗಾರ್ಡಿ ಅದನ್ನು ಕೇಳಿ ಕೆಮ್ಮುವವರೆಗೂ ನಕ್ಕ. “ಬಸ್ಸಲ್ಲಿ ಹಿಂಗೇ ಮಾಡಿದ್ರೆ ಆಗ್ತಿತ್ತು ನೋಡು. ಬೇಕಾದವರು ಎಡಕ್ಕೆ ತಿರುಗಿ, ಬೇಕಾದವರು ಬಲಕ್ಕೆ ತಿರುಗಿ ಅಂತ. ನೀಲ್, ನಿನ್ನಂಥ ಮೆತ್ತನೆ ಮನುಷ್ಯನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ ಮಾರಾಯ.”

ರಸ್ ನಗಲಿಲ್ಲ. ಗಾರ್ಡಿ ಹೋದ ಮೇಲೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಹತ್ತಿರ ಬಂದು ನಿಂತ.

“ಪಕ್ಕದ ಊರಿನ ಹಾರ್ವಿ ಕೇಳಿದಾನೆ, ಅವನ ಅಂಗಡಿಗೆ ಬಾ ಅಂತ.”

“ಯಾವಾಗ?”

“ಆಗಲೇ ಕೇಳಿದ್ದ. ನಾನು ಏನೂ ಹೇಳಿರಲಿಲ್ಲ.” ರಸ್ ಬಟ್ಟೆಯನ್ನು ಮಡಚಿ ಮತ್ತೆ ಬಿಡಿಸಿದ. “ಹೋದ್ರೆ ನಿಂಗೂ ಸಲೀಸಾಗಬಹುದು ಅನ್ಸುತ್ತೆ.”

ನೀಲ್ ಏನಾದರೂ ಹೇಳಬೇಕಿತ್ತು. ಹೋಗಬೇಡ ಅನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಗಿರಾಕಿ ಬಂದ. ಅವನ ಹುಲ್ಲು ಯಂತ್ರದ ಕಥೆ ಕೇಳಿ ಮುಗಿಸುವ ಹೊತ್ತಿಗೆ ರಸ್ ಊಟಕ್ಕೆ ಹೊರಟುಹೋಗಿದ್ದ. ಆ ರಾತ್ರಿ ನೀಲ್‌ಗೆ ಊಟ ಸೇರಲಿಲ್ಲ. ಲೀಗು ಹೋದರೆ ಹೋಗಲಿ. ಆದರೆ ಅಂಗಡಿಯ ಆ ಮೂಲೆಯಲ್ಲಿ ರಸ್ ಇಲ್ಲದೆ ಚಳಿಗಾಲ ಕಳೆಯುವುದು, ಹಬ್ಬದ ದಿನ ತಂಗಿ ಮುಖ ಊದಿಸಿಕೊಂಡು ಬರದೇ ಇರುವುದು, ಎರಡೂ ಅವನ ಕಣ್ಣ ಮುಂದೆ ಬಂದು ನಿಂತವು.

ಆಟಗಾರರನ್ನು ಆರಿಸಿಕೊಳ್ಳುವ ದಿನ, ಅದನ್ನು ಡ್ರಾಫ್ಟ್ ಅನ್ನುತ್ತಾರೆ, ಅಲ್ಲಿ ಸೆಪ್ಟೆಂಬರಿನ ಆರಂಭಕ್ಕೆ ಬರುವ ಕಾರ್ಮಿಕ ದಿನದ ರಜೆಯ ಶನಿವಾರ. ನೀಲ್‌ನ ಗರಾಜಿನಲ್ಲಿ ಮೇಜು ಜೋಡಿಸಿ, ಹೆಸರು ಅಂಟಿಸಲು ಗೋಡೆಗೆ ದೊಡ್ಡ ಹಾಳೆ ಹಚ್ಚಿದ್ದಾಯಿತು. ಹಾಳೆಯಲ್ಲಿ ಬೆಂಚಿನ ಗೆರೆಗಳನ್ನು ಮಾತ್ರ ಎಳೆದಿರಲಿಲ್ಲ. ಮಧ್ಯಾಹ್ನ ಒಬ್ಬೊಬ್ಬರಾಗಿ ಬರತೊಡಗಿದರು. ಗಾರ್ಡಿ ಸಾಸೇಜು ತಂದ, ಯಾರೋ ಬಿಯರು ತಂದರು, ಮಾರ್ನಿ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿಗಳನ್ನು ಒಲೆಯಿಂದ ತೆಗೆದಿಟ್ಟಳು. ಐಲಾ ತಲೆಗೂದಲು ಗಿಡ್ಡ ಮಾಡಿಸಿಕೊಂಡು ಬಂದಿದ್ದಳು; ಯಾರೂ ಅದರ ಬಗ್ಗೆ ಕೇಳುವ ಧೈರ್ಯ ಮಾಡಲಿಲ್ಲ. ಎಲ್ಲರೂ ಬಂದರು, ರಸ್ ಬರಲಿಲ್ಲ. ಹೊತ್ತು ಮೀರಿತು. ಫೋನು ಮಾಡಿದರೆ ಎತ್ತಲಿಲ್ಲ.

“ಬರಲ್ಲ ಅನ್ಸುತ್ತೆ,” ಎಂದು ಯಾರೋ ಅಂದರು. ಐಲಾ ಕಿಟಕಿಯತ್ತ ನೋಡುತ್ತ ಪಾಸ್ಟಿಯ ಅಂಚು ಮುರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ.

ನೀಲ್ ಟ್ರಕ್ಕಿನ ಬೀಗದಕೈ ತೆಗೆದುಕೊಂಡು ಹೊರಗೆ ಬಂದ. ಲಾಂಡ್ರಿಯವರೆಗೂ ಟ್ರಕ್ಕು ಓಡಿಸಬೇಕಾಗಲಿಲ್ಲ. ತಿರುವಿನಲ್ಲಿ, ಅಂಚೆ ಡಬ್ಬಿಗಳು ಸಾಲಾಗಿ ನಿಂತಿರುವ ಕಡೆ, ರಸ್‌ನ ಟ್ರಕ್ಕು ಎಂಜಿನ್ ಆರಿಸಿ ನಿಂತಿತ್ತು. ಒಳಗೆ ರಸ್ ತೊಡೆಯ ಮೇಲೆ ಒಂದು ದೊಡ್ಡ ಬೋಗುಣಿ ಇಟ್ಟುಕೊಂಡು ಕೂತಿದ್ದ. ನೀಲ್ ನಡೆದು ಹೋಗಿ ಈ ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಹತ್ತಿ ಕೂತ.

“ಏನದು?”

“ಆಲೂಗಡ್ಡೆ ಸಲಾಡ್.”

“ನೀನು ಮಾಡಿದ್ದಾ?”

“ಇನ್ಯಾರು ಮಾಡ್ತಾರೆ. ಪ್ರತಿ ವರ್ಷ ಐಲಾ ಮಾಡ್ತಿದ್ದಳು, ನಾನು ಎತ್ತಿಕೊಂಡು ಬರ್ತಿದ್ದೆ. ಬರಿಗೈಯಲ್ಲಿ ಬರೋದು ಹೇಗೆ ಅಂತ.” ರಸ್ ರಸ್ತೆಯನ್ನೇ ನೋಡುತ್ತಿದ್ದ. “ಇಲ್ಲಿಗಂಟ ಬಂದೆ. ಅವಳ ಕಾರು ಕಾಣಿಸ್ತು. ಗಾಡಿ ಒಳಗೆ ತಿರುಗಿಸೋಕೆ ಕೈ ಬರಲಿಲ್ಲ.”

“ನಾಲ್ಕು ಆಗದೇ ಇದ್ರೆ ಬರಲ್ಲ ಅಂದಿದ್ದೆಯಲ್ಲ, ಅದಕ್ಕಾ?”

“ನಾಲ್ಕೋ ಎಂಟೋ, ಯಾವನಿಗೆ ಬೇಕು.” ಬೋಗುಣಿಯ ಮುಚ್ಚಳ ಒತ್ತಿ ಕೂರಿಸುತ್ತ ರಸ್ ಮತ್ತೆ ಹೇಳಿದ: “ಲೀಗಿನಲ್ಲಿ ನಂಗೊಂದು ತಂಡ ಕೊಟ್ಟೆ ನೀನು. ಆದ್ರೆ ನೆಂಟರಿಗೆ ಕುರ್ಚಿ ಎಳೆದು ಹಾಕ್ತಾರಲ್ಲ, ಹಂಗೆ ಕೊಟ್ಟೆ. ಮೊದಲಾದ್ರೆ ‘ಏ ರಸ್, ಮುಚ್ಚು ಬಾಯಿ’ ಅಂತಿದ್ದೆ. ಈಗ ‘ನೋಡೋಣ’ ಅಂತೀಯ. ನಾಲ್ಕು ಅಂತ ಹಟ ಹಿಡಿದೆ. ಒಂದು ವಿಷಯಕ್ಕಾದ್ರೂ ನೀನು ಹೂಂ ಅನ್ನು, ಇಲ್ಲ ಆಗಲ್ಲ ಹೋಗು ಅನ್ನು. ಏನಾದ್ರೂ ಅನ್ನು ಅಂತ.”

ನೀಲ್ ಕೇಳಿಸಿಕೊಂಡ. ಇಷ್ಟು ತಿಂಗಳು ಇವನಿಗೆ ನೋವಾಗಬಾರದು ಅಂತ ತಾನು ಕಾಲ್ಬೆರಳ ತುದಿಯಲ್ಲಿ ನಡೆದದ್ದೇ ಇವನಿಗೆ ಚುಚ್ಚಿದೆ ಎಂದು ಆಗ ಅವನಿಗೆ ಅರ್ಥವಾಯಿತು.

“ಹಾರ್ವಿ ಹತ್ರ ಹೋಗಬೇಡ,” ಎಂದ. “ಅವನಿಗೆ ಕಾರ್ಬ್ಯುರೇಟರ್ ತೊಳೆಯಕ್ಕೂ ಬರಲ್ಲ. ನೀನು ನನ್ನ ಅಂಗಡಿಗೆ ಬಂದಿದ್ದು ಐಲಾಳ ಗಂಡ ಅಂತ ಅಲ್ಲ, ಇನ್ನು ಮುಂದೆ ಇರೋದೂ ಹಂಗೇ. ಇದನ್ನ ಮಾರ್ಚಿಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.”

ರಸ್ ತಲೆ ಆಡಿಸಿದ.

“ಇನ್ನೊಂದು. ಬೆಂಚಿಗೆ ಆರು ಜನ. ಗಾಯ ಆದವನನ್ನ ಇಡೋಕೆ ಬೇರೆ ಒಂದು ಜಾಗ. ಆಯ್ತು, ತೀರ್ಮಾನ ಆಯ್ತು.”

“ಆರು ಅಂದ್ರೆ ಕಷ್ಟ ಆಗುತ್ತೆ ನೀಲ್, ಮಂಗಳವಾರ ಹೊರಗಡೆ ಯಾರೂ…”

“ಏ ರಸ್, ಮುಚ್ಚು ಬಾಯಿ. ಗಾಡಿ ತೆಗಿ.”

ರಸ್‌ಗೆ ನಗು ಬಂತು. ಎಂಜಿನ್ ಶುರು ಮಾಡಿದ. ಬೋಗುಣಿ ನೀಲ್‌ನ ತೊಡೆಗೆ ಬಂತು.

ಇಬ್ಬರೂ ಗರಾಜಿನೊಳಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ನೀಲ್ ಬೋಗುಣಿಯನ್ನು ಮೇಜಿನ ಮೇಲಿಟ್ಟು, ಗೋಡೆಯ ಹಾಳೆಯ ಹತ್ತಿರ ಹೋಗಿ ಬೆಂಚಿನ ಗೆರೆಗಳನ್ನು ಎಳೆಯತೊಡಗಿದ. ಎಳೆಯುತ್ತಲೇ ಹೇಳಿದ: “ಆರು. ಗಾಯಾಳುವಿಗೆ ಬೇರೆ ಜಾಗ ಒಂದು. ಹನ್ನೆರಡು ತಂಡಕ್ಕೆ ಎಂಟು ಅಂದ್ರೆ ಹೊರಗೆ ಯಾರೂ ಉಳಿಯಲ್ಲ, ನಾಲ್ಕು ಅಂದ್ರೆ ದೊಡ್ಡ ತಂಡಗಳಿಗೆ ಆಟದಿಂದ ಬಿಡುವಿರೋ ವಾರ ಬದಲಿಗೆ ಆಡಿಸೋಕೆ ಜನ ಇರಲ್ಲ. ಇದು ನನ್ನ ತೀರ್ಮಾನ, ಯಾರನ್ನೂ ಕೇಳ್ತಾ ಇಲ್ಲ. ಬೇಡ ಅನ್ನೋವರು ಇಲ್ಲಿ ಬಂದು ಈ ಪೆನ್ನು ತಗೊಳ್ಳಿ, ಮುಂದಿನ ವರ್ಷದಿಂದ ನೀವೇ ಕಮಿಷನರು.”

ಯಾರೂ ಏಳಲಿಲ್ಲ. ಕೊನೆಯ ಗೆರೆ ಸೊಟ್ಟಗಾಯಿತು. ಎಲ್ಲರ ಕಣ್ಣೂ ಐಲಾಳ ಮೇಲಿದ್ದದ್ದು ತಿರುಗಿ ನೋಡದೆಯೇ ಅವನಿಗೆ ಗೊತ್ತಿತ್ತು.

“ಆರಾ?” ಎಂದಳು ಐಲಾ.

“ಆರು.”

“ಸರಿ,” ಎಂದಳು ಅವಳು. ಬೋಗುಣಿಯ ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. “ರಸ್, ಸಾಸಿವೆ ಹಾಕೋದು ಮರೆತಿದೀಯ.”

“ಮರೆತಿಲ್ಲ. ಸಿಗಲಿಲ್ಲ. ಎಲ್ಲಿಟ್ಟಿದೀನೋ ಯಾವ ಪೆಟ್ಟಿಗೆಯಲ್ಲೋ.”

“ನಂದು ಒಂದು ಬಾಟಲಿ ಜಾಸ್ತಿ ಇದೆ. ಕಳಿಸ್ತೀನಿ.”

ಅಷ್ಟೇ ಮಾತು. ಗರಾಜಿನಲ್ಲಿದ್ದ ಮಿಕ್ಕ ಹತ್ತೂ ಜನ ಒಟ್ಟಿಗೆ ಉಸಿರು ಬಿಟ್ಟರೇನೋ ಎನ್ನುವಂತೆ ಕುರ್ಚಿಗಳು ಕಿರುಗುಟ್ಟಿದವು, ಬಿಯರಿನ ಡಬ್ಬಿಗಳು ತೆರೆದುಕೊಂಡವು. “ಮೊದಲೇ ಹೇಳಿದ್ರೆ ನಾನು ಎರಡು ರಾತ್ರಿ ಚೆನ್ನಾಗಿ ಮಲಗ್ತಿದ್ದೆ,” ಎಂದು ಗಾರ್ಡಿ ಗೊಣಗಿದ. ಸೋಫಾದ ಮಾತಿಗೆ ತಪ್ಪಾಯಿತೆಂದು ಐಲಾಳ ಹತ್ತಿರ ಬಂದು ಹೇಳಲು ಹೊರಟವನನ್ನು ಅವಳೇ ತಡೆದಳು. “ಬಿಡಿ ಗಾರ್ಡಿ. ಸೋಫಾ ಅವನೇ ತಗೊಂಡು ಹೋದ. ಅದರಲ್ಲಿ ಸ್ಪ್ರಿಂಗು ಚುಚ್ಚುತ್ತೆ.”

ಡ್ರಾಫ್ಟ್ ಸಂಜೆಯವರೆಗೂ ನಡೆಯಿತು. ಮೊದಲ ಸುತ್ತುಗಳೆಲ್ಲ ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರುಗಳು. ಕೊನೆಯಲ್ಲಿ, ಬೆಂಚು ತುಂಬುವ ಸುತ್ತುಗಳು ಬಂದಾಗ, ಐಲಾ ಬೇಸಿಗೆಯೆಲ್ಲ ಕಣ್ಣಿಟ್ಟಿದ್ದ ಒಬ್ಬ ಹೊಸ ಹುಡುಗನ ಹೆಸರನ್ನು, ಅವಳಿಗಿಂತ ಸ್ವಲ್ಪ ಮೊದಲು ಸರದಿ ಬಂದ ರಸ್ ಕೂಗಿಬಿಟ್ಟ. ಗಾರ್ಡಿ ಬಾಯಿಗೆ ಒಯ್ಯುತ್ತಿದ್ದ ಸಾಸೇಜನ್ನು ಅಲ್ಲೇ ಹಿಡಿದ.

“ಅವನ ಹೆಸರು ನಿಂಗೆ ಹೇಗೆ ಗೊತ್ತು?” ಎಂದಳು ಐಲಾ.

“ನೀನೇ ಫೆಬ್ರವರಿಯಲ್ಲಿ ಹೇಳಿದ್ದು.”

“ಇಟ್ಟುಕೋ. ಮೂರನೇ ವಾರಕ್ಕೆ ನಿನ್ನ ತಾಳ್ಮೆ ಮುಗಿಯುತ್ತೆ, ಹೊರಗೆ ಎಸೀತೀಯ. ನಾನು ಬಾಗಿಲಲ್ಲೇ ನಿಂತಿರ್ತೀನಿ.”

“ಎಸೆಯಲ್ಲ.”

“ಎಸೀತೀಯ.”

ಗಾರ್ಡಿ ಮೊದಲು ನಕ್ಕ, ಆಮೇಲೆ ಎಲ್ಲರೂ. ರಸ್ ಕೂಡ ನಕ್ಕ. ಮಾರ್ನಿ ಮಾತ್ರ, ತಂಡಕ್ಕೆ ಒಬ್ಬನೇ ಸಾಕಾಗುವ ಕಡೆ ತಾನು ಚೆಂಡು ಒದೆಯುವವರನ್ನೇ ಮೂರು ಜನ ಆರಿಸಿಕೊಂಡಿದ್ದು ತಪ್ಪಾಯಿತಾ ಎಂದು ಪಕ್ಕದವನನ್ನು ಕೇಳುತ್ತಿದ್ದಳು.

ಎಲ್ಲರೂ ಹೊರಡುವಾಗ ಐಲಾ ಅಣ್ಣನ ಜೊತೆ ಕಾರಿನವರೆಗೂ ನಡೆದು ಬಂದಳು. ಸರೋವರದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು, ಇನ್ನೂ ಬೆಳಕಿತ್ತು.

“ಎಂಟೇ ಬೇಕು ಅಂತ ನಂಗೇನೂ ಇರಲಿಲ್ಲ,” ಎಂದಳು. “ಆರು ಒಳ್ಳೇದೇ. ಮಾರ್ಚಿಯಿಂದ ನೀನು ನಂಗೆ ರಸ್ ಏನಂದ ಅಂತ ಮಾತ್ರ ಹೇಳ್ತಿದ್ದೆ. ನೀನೇನು ಅಂತೀಯ ಅಂತ ಒಂದು ದಿನವೂ ಹೇಳಲಿಲ್ಲ. ಅದಕ್ಕೇ ಸಿಟ್ಟು ಬಂದಿತ್ತು.”

“ಕೂದಲು ಚೆನ್ನಾಗಿದೆ,” ಎಂದ ನೀಲ್. “ಇದು ನಾನು ಅಂತಿರೋದು.”

ಐಲಾ ಅವನ ಭುಜಕ್ಕೊಂದು ಗುದ್ದಿ ಕಾರು ಹತ್ತಿದಳು.

ಗರಾಜಿಗೆ ಮರಳಿದ ನೀಲ್‌ಗೆ ಹೊಟ್ಟೆ ಚುರುಗುಟ್ಟುತ್ತಿರುವುದು ಗೊತ್ತಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆರಿದ ಪಾಸ್ಟಿ ಒಂದನ್ನು ನಿಂತುಕೊಂಡೇ ತಿಂದ, ಇನ್ನೊಂದನ್ನು ಕೂತು ತಿಂದ. ಕುರ್ಚಿ ಮಡಚಬೇಕು ಅಂದುಕೊಂಡವನು ಹಾಗೇ ಒರಗಿ ಕಾಲು ಚಾಚಿದ. ಮಾರ್ನಿ ಬಂದು ನೋಡಿ, ಎಬ್ಬಿಸದೆ, ಮೇಜು ಒರೆಸಿಕೊಂಡು ಹೋದಳು.

ರಸ್ ಆ ಹುಡುಗನನ್ನು ಎರಡನೇ ವಾರವೇ ಹೊರಗೆ ಬಿಟ್ಟ. ಬುಧವಾರ ಬೆಳಿಗ್ಗೆ ಹುಡುಗ ಐಲಾಳ ಬೆಂಚಿನಲ್ಲಿದ್ದ. ಅಂಗಡಿಯಲ್ಲಿ ಕಾಫಿ ಕಾಯುತ್ತಿರುವಾಗ ನೀಲ್ ಫೋನು ತೆಗೆದು ನೋಡಿದರೆ ಲೀಗಿನ ಮಾತುಕತೆಯ ತುಂಬ ಬೈಗುಳವೇ. ರಸ್‌ಗೆ ಕಣ್ಣು ಕಾಣಲ್ಲ ಎಂದು ಐಲಾ, ಐಲಾ ಹದ್ದಿನ ಹಾಗೆ ಸುತ್ತುತ್ತಿರುತ್ತಾಳೆ ಎಂದು ರಸ್, ಇಬ್ಬರಿಗಿಂತ ಮಾರ್ನಿಯ ತಂಡವೇ ಮುಂದಿದೆ, ಇಬ್ಬರಿಗೂ ನಾಚಿಕೆಯಾಗಬೇಕು ಎಂದು ಗಾರ್ಡಿ. ನೀಲ್ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಓದಿದ. ಎಲ್ಲವೂ ಫುಟ್‌ಬಾಲಿನ ಬೈಗುಳವೇ. ಫೋನನ್ನು ಜೇಬಿಗಿಟ್ಟು ಎರಡು ಲೋಟಕ್ಕೆ ಕಾಫಿ ಬಗ್ಗಿಸಿದ.